ಏಳು ದೇವದಾರು

ಮರ ಮಾಡಿ ಮುಗಿಸಿದ ಮೇಲೆ ಗೌರಿ ಅದನ್ನು ಮೇಜಿನ ಅಂಚಿಗೆ ನಿಲ್ಲಿಸಿ, ತಾನು ನೆಲದ ಮೇಲೆ ಕೂತು, ಗದ್ದವನ್ನು ಮೇಜಿಗೆ ಊರಿ ನೋಡುತ್ತಿದ್ದಳು. ಮೇಲಿನಿಂದ ನೋಡಿದರೆ ಅದು ತಂತಿ, ಸೆಣಬು, ಗೋಂದು. ಬುಡದ ಮಟ್ಟದಿಂದ ನೋಡಿದಾಗ ಮಾತ್ರ ಮರ. ಹಾಗೇ ಸ್ವಲ್ಪ ಹೊತ್ತು ಕೂತರೆ ಮೇಜು ಬಯಲಿನಂತೆ ಅಗಲವಾಗುತ್ತಿತ್ತು, ಅಡುಗೆಮನೆಯ ಕುಕ್ಕರಿನ ಸೀಟಿ ಎಲ್ಲೋ ದೂರದ ಊರಿನದಾಗುತ್ತಿತ್ತು. ಆ ಮರದ ನೆರಳಿಗೆ ಹೋಗಿ ಒಂದು ಗಳಿಗೆ ನಿಂತು ಬರೋಣ ಅನ್ನಿಸಿದರೆ ಮರ ಪಾಸು. ಅನ್ನಿಸದಿದ್ದರೆ ಮತ್ತೆ ಕತ್ತರಿ ಕೈಗೆ.

ಈ ಕೆಲಸ ಅವಳಿಗೆ ಗಂಟುಬಿದ್ದದ್ದು ಗಂಡನಿಂದ. ಉಮಾಪತಿ ರೈಲ್ವೆಯ ಸಿಗ್ನಲ್ ವಿಭಾಗದವರು. ಧಾರವಾಡ ಬಿಟ್ಟು ಕಲ್ಕತ್ತೆಯ ಡಮ್ ಡಮ್‌ಗೆ ಬಂದು ಇಪ್ಪತ್ತೆರಡು ವರ್ಷ. ಹಗಲೆಲ್ಲ ನೋಡಿದ ರೈಲು ಸಾಲದೆಂದು ಮನೆಯ ಸಣ್ಣ ಕೋಣೆಯಲ್ಲಿ ಆಟಿಕೆ ರೈಲಿಗೂ ಹಳಿ ಹಾಸಿದ್ದರು. ಹಳಿ, ಪ್ಲಾಟ್‌ಫಾರ್ಮು, ಸಿಗ್ನಲ್ಲು ಎಲ್ಲ ಅಚ್ಚುಕಟ್ಟು, ಸುತ್ತ ಮಾತ್ರ ಬೋಳು. "ನಿಮ್ಮ ಸ್ಟೇಷನ್ನಿನ್ಯಾಗ ಇಳದ ಮಂದಿ ಬಿಸಲಾಗ ಸಾಯ್ತಾರ್ರಿ," ಎಂದು ಗೌರಿ ಒಂದು ಬೇವಿನ ಮರ ಮಾಡಿ ಕೊಟ್ಟಳು. ಒಂದು ಹತ್ತಾಯಿತು. ಕಾಲೊನಿಯ ಕ್ಲಬ್ಬಿನಲ್ಲಿ ಆ ರೈಲನ್ನು ಪ್ರದರ್ಶನಕ್ಕಿಟ್ಟಾಗ ಮಕ್ಕಳು ರೈಲು ನೋಡಿದರು, ದೊಡ್ಡವರು ಮರ ನೋಡಿದರು.

ಅದಾಗಿ ಒಂದು ವಾರಕ್ಕೆ ಉಮಾಪತಿಗೆ ಫೋನು ಬಂತು. ಅವರು ಕ್ಯಾಲೆಂಡರಿನ ಮೇಲೆ ಬರೆದುಕೊಂಡರು: ಬಸು, ದೇವದಾರು, ಏಳು.

"ಯಾವ ಬಸು? ನಮ್ಮ ಗದಗಿನ ಬಸವರಾಜನ?" ಎಂದಳು ಗೌರಿ.

"ಅಂವ ಇಲ್ಯಾಕ ಬರ್ತಾನ? ಬಂಗಾಲಿ ಬಸು. ಇವರಲ್ಲಿ ಅದು ಅಡ್ಡಹೆಸರು."

ಮಾರನೆಯ ದಿನ ಬಸು ಬಾಬು ತಾವೇ ಬಂದರು. ಎಪ್ಪತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸಂದೇಶ್ ಮಿಠಾಯಿಯ ಪೊಟ್ಟಣ. ಅವರದು ಬಂಗಾಲಿ ಹಿಂದಿ, ಗೌರಿಯದು ಧಾರವಾಡದ ಹಿಂದಿ. ನಡುವೆ ಎಲ್ಲೋ ಇಬ್ಬರೂ ಭೇಟಿಯಾದರು.

"ಬೌದಿ," ಎಂದರು ಅವರು, ಅತ್ತಿಗೆ ಎಂದು ಕರೆಯುವಂತೆ. "ನನ್ನ ಅಕ್ಕ ರಾಜಲಕ್ಷ್ಮಿ. ಎಂಬತ್ತೊಂದು ವರ್ಷ. ಸೊಂಟ ಬಿದ್ದು ಹಾಸಿಗೆಯಲ್ಲೇ ಇರ್ತಾಳೆ. ಅವಳ ಕಿಟಕಿಯ ಎದುರು ಗಲ್ಲಿಯುದ್ದಕ್ಕೂ ಏಳು ದೇಬ್‌ದಾರು ಇದ್ದವು. ಅಂಫಾನ್ ಚಂಡಮಾರುತ ಬಂದ ರಾತ್ರಿ ಏಳೂ ಹೋದವು. ಬೆಳಿಗ್ಗೆ ನೋಡಿದಳು, ಕಿಟಕಿ ಮುಚ್ಚಿಸಿದಳು. ಇವತ್ತಿನವರೆಗೂ ತೆಗೆಸಿಲ್ಲ. ಹಗಲೂ ರಾತ್ರಿ ಟ್ಯೂಬ್‌ಲೈಟು. ನಾನು ತೆಗೆಯೋಕೆ ಹೋದರೆ ಎರಡು ದಿನ ಅನ್ನ ಬಿಡ್ತಾಳೆ."

ಭಾಯಿ ಫೋಟಾ ಹತ್ತಿರ ಬಂದಿತ್ತು. ಅಕ್ಕ ತಮ್ಮನ ಹಣೆಗೆ ಗಂಧವಿಟ್ಟು ಹರಸುವ ದಿನ, ತಮ್ಮ ಅಕ್ಕನಿಗೆ ಏನಾದರೂ ಕೊಡುವ ದಿನ. ಆ ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಏಳು ಮರ ನಿಲ್ಲಿಸಿದರೆ ಅಕ್ಕ ಕಿಟಕಿ ತೆಗೆಸಿಯಾಳೇ ಎಂಬುದು ಅವರ ಆಸೆ.

"ನಮ್ಮ ಕಡೆ ಅಕ್ಕನ ತದಿಗಿ ಅಂತೀವಿ," ಎಂದಳು ಗೌರಿ. "ಮಾಡಿಕೊಡ್ತೀನಿ ದಾದಾ. ದೇವದಾರು, ಅಲ್ಲೇನ್ರಿ?"

"ಹೌದು ಹೌದು, ದೇಬ್‌ದಾರು."

ಇಬ್ಬರೂ ತಲೆಯಾಡಿಸಿದರು.

ಸಾಲ್ಟ್ ಲೇಕಿನ ಕಚೇರಿಯಿಂದ ಬಂದ ಮಗಳು ಪ್ರೇರಣಾ ಮೊಬೈಲಿನಲ್ಲಿ ದೇವದಾರು ಹುಡುಕಿ ತೋರಿಸಿದಳು. ಹಿಮದ ಬೆಟ್ಟ, ಅದರ ಮೈಮೇಲೆ ಅಂತಸ್ತು ಅಂತಸ್ತಾಗಿ ಕೈ ಚಾಚಿ ನಿಂತ ಮರಗಳು. ಗೌರಿಗೆ ಅನುಮಾನ ಬಾರದೆ ಇರಲಿಲ್ಲ.

"ಈ ಡಮ್ ಡಮ್ ಸೆಕಿಯಾಗ ಹಿಮದ ಗಿಡ ಹೆಂಗ ಬದುಕಿದ್ವು?"

"ಬ್ರಿಟಿಷರು ಹಚ್ಚಿರಬೇಕು," ಎಂದರು ಉಮಾಪತಿ. ತಿಳಿಯದ್ದಕ್ಕೆಲ್ಲ ಅವರ ಬಳಿ ಅದೊಂದು ಉತ್ತರ ಸಿದ್ಧವಿರುತ್ತಿತ್ತು.

ಗೌರಿ ಎರಡು ತಂತಿಗಳ ನಡುವೆ ಸೆಣಬಿನ ಎಳೆ ಹರಡಿ ಹುರಿ ಹಾಕಿದಳು. ಬಾಟಲಿ ತೊಳೆಯುವ ಬ್ರಷ್ಷಿನಂತೆ ಎಳೆಗಳು ಸುತ್ತಲೂ ಅರಳಿದವು. ಅದನ್ನು ಕತ್ತರಿಸಿ, ಗೋಂದು ಹಚ್ಚಿ, ಹಸಿರು ಬಣ್ಣ ಕುಡಿಸಿದ ಸ್ಪಂಜನ್ನು ಹಳೆಯ ಮಿಕ್ಸರಿನಲ್ಲಿ ಪುಡಿಮಾಡಿ ಉದುರಿಸಿದಳು. ಮೊದಲನೆಯದು ಒಂದು ಗೇಣು, ಆಮೇಲಿನದು ಅದಕ್ಕಿಂತ ಸಣ್ಣದು, ಏಳನೆಯದು ನಾಲ್ಕೇ ಬೆರಳು. ಸಾಲಾಗಿ ನಿಲ್ಲಿಸಿದರೆ ಗಲ್ಲಿ ದೂರಕ್ಕೆ ಹೋದಂತೆ ಕಾಣಬೇಕು. ಗದ್ದ ಊರಿ ನೋಡಿದಳು. ಮೈಗೆ ತಣ್ಣನೆ ಗಾಳಿ ಸೋಕಿದಂತಾಯಿತು. ಪಾಸು.

ಹಬ್ಬದ ಹಿಂದಿನ ಮಧ್ಯಾಹ್ನ ಬಸು ಬಾಬು ಬಂದು ಪೆಟ್ಟಿಗೆ ತೆರೆದರು. ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ತುಂಬ ಚೆನ್ನಾಗಿದೆ ಬೌದಿ," ಎಂದರು. ಒಳ್ಳೆಯ ಮನುಷ್ಯ. ಆದರೆ ಮುಖ ಸುಳ್ಳು ಹೇಳಲಿಲ್ಲ.

"ಏನ್ ತಪ್ಪೈತಿ ಹೇಳ್ರಿ ದಾದಾ."

"ಇದು ಬೆಟ್ಟದ ಮರ. ಡಾರ್ಜಿಲಿಂಗ್ ಕಡೆ ನೋಡಿದ್ದೀನಿ. ನಮ್ಮ ದೇಬ್‌ದಾರು..." ಅವರು ಬಾಲ್ಕನಿಗೆ ನಡೆದು ಕೆಳಗೆ ಕೈ ತೋರಿಸಿದರು. ಕಾಲೊನಿಯ ಗೇಟಿನ ಪಕ್ಕ, ಇಪ್ಪತ್ತೆರಡು ವರ್ಷದಿಂದ ಗೌರಿ ದಿನಾ ದಾಟುತ್ತಿದ್ದ ಮರ. ಕಂಬದಂತೆ ನೆಟ್ಟಗೆ, ಕೊಂಬೆಗಳನ್ನೆಲ್ಲ ಕೆಳಗೆ ಇಳಿಬಿಟ್ಟು, ಮೈಗೆ ಅಂಟಿಸಿಕೊಂಡು ನಿಂತಿತ್ತು.

"ಅಯ್ಯ! ಅದು ಅಶೋಕ ಅಲ್ಲೇನ್ರಿ? ನಮ್ಮೂರಾಗ ಸಾಲಿ ಮುಂದ, ಬ್ಯಾಂಕಿನ ಮುಂದ ಎಲ್ಲಾ ಅದ ಇರ್ತದ."

"ಅಶೋಕ ಬೇರೆ, ಕೆಂಪು ಹೂವು ಬಿಡ್ತದೆ. ಇದು ದೇಬ್‌ದಾರು."

ಉಮಾಪತಿ ಪೇಪರಿನ ಹಿಂದೆ ಮುಖ ಮರೆಸಿದರು. "ಬ್ರಿಟಿಷರನ್ನ ಕರೀರಿ ಈಗ," ಎಂದಳು ಗೌರಿ ಅವರಿಗೆ.

ಬಸು ಬಾಬು ಪೆಟ್ಟಿಗೆ ಮುಚ್ಚತೊಡಗಿದರು. ಪರವಾಗಿಲ್ಲ, ಮುಂದಿನ ವರ್ಷ ನೋಡೋಣ ಅಂದರು. ಎಂಬತ್ತೊಂದರ ವಯಸ್ಸಿನವರಿಗೆ ಮುಂದಿನ ವರ್ಷ ಎಂದರೆ ಎಷ್ಟು ದೂರ ಎಂಬುದು ಆ ಮಾತು ಆಡಿದ ಮೇಲೆ ಅವರಿಗೇ ಹೊಳೆದಿರಬೇಕು, ಕೈ ಅಲ್ಲೇ ನಿಂತಿತು. ಗೌರಿ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡಳು.

"ಬೆಳಿಗ್ಗೆ ಎಷ್ಟು ಗಂಟೆಗೆ ಗಂಧ ಇಡ್ತಾರ?"

"ಒಂಬತ್ತಕ್ಕೆ."

"ನಾನೇ ತರ್ತೀನಿ. ಹೋಗಿ ಬರ್ರಿ."

ಆಕೆ ಬಕೆಟಿನಲ್ಲಿ ಬಿಸಿನೀರು ಹಾಕಿ ಏಳೂ ಮರಗಳನ್ನು ಮುಳುಗಿಸಿದಳು. ಗೋಂದು ಮೆತ್ತಗಾಯಿತು, ಹಸಿರೆಲ್ಲ ಬಿಟ್ಟು ನೀರು ಪಾಚಿಗಟ್ಟಿದ ಕೊಳದಂತಾಯಿತು. ಒಂದೊಂದನ್ನೇ ಎತ್ತಿ, ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಳೆಗಳನ್ನು ಮೇಲಿನಿಂದ ಕೆಳಕ್ಕೆ ಬಾಚತೊಡಗಿದಳು. ಹಿಂದೆ ಶಾಲೆಗೆ ಹೊರಟ ಪ್ರೇರಣಾಳ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದ ಹಾಗೆಯೇ, ಒಂದು ಕೈ ನೆತ್ತಿಯ ಮೇಲೆ, ಒಂದು ಕೈ ಇಳಿಜಾರಿನಲ್ಲಿ. ಚಾಚಿದ್ದ ಕೈಗಳೆಲ್ಲ ಒಂದೊಂದಾಗಿ ಇಳಿದು ಮೈಗೆ ಅಂಟಿದವು. ಬೆಟ್ಟದ ಮರಗಳು ಊರಿನ ಮರಗಳಾಗುತ್ತಿದ್ದವು. ನಡುನಡುವೆ ಎದ್ದು ಬಾಲ್ಕನಿಗೆ ಹೋಗಿ ಗೇಟಿನ ಮರ ನೋಡಿ ಬರುತ್ತಿದ್ದಳು. ಇಷ್ಟು ವರ್ಷ ಬರೀ ಗುರುತಾಗಿದ್ದ ಅದು ಮೊದಲ ಸಲ ಮರವಾಗಿ ಕಂಡಿತು. ಗಾಳಿ ಬಂದರೆ ಉಳಿದ ಮರಗಳಂತೆ ತೂಗುತ್ತಿರಲಿಲ್ಲ, ಒದ್ದೆ ಸೀರೆಯಂತೆ ಮೈಯುದ್ದಕ್ಕೂ ಅಲೆಯಾಗಿ ಇಳಿಯುತ್ತಿತ್ತು.

"ಅವ್ವಾ, ಹೇರ್ ಡ್ರೈಯರ್ ತಗೊ, ಕ್ವಿಕ್ ಆಗಿ ಒಣಗುತ್ತೆ," ಎಂದಳು ಪ್ರೇರಣಾ. ತಪ್ಪು ಚಿತ್ರ ತೋರಿಸಿದ್ದಕ್ಕೆ ಅದು ಅವಳ ಕ್ಷಮಾಪಣೆ. ಒಣಗಿದ ಎಳೆಗಳಿಗೆ ಗೌರಿ ಮತ್ತೆ ತೆಳ್ಳಗೆ ಹಸಿರು ಬಣ್ಣ ಸವರಿದಳು.

ಬೆಳಿಗ್ಗೆ ಬಸು ಬಾಬುವಿನ ಮನೆಯ ಮಹಡಿ ಕೋಣೆಯಲ್ಲಿ ಗೌರಿ ಏಳು ಮರಗಳನ್ನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದಳು. ಹಿಂದೆ ಮುಚ್ಚಿದ ಹಸಿರು ಮರದ ಬಾಗಿಲು, ಮುಂದೆ ಟ್ಯೂಬ್‌ಲೈಟಿನ ಬಿಳಿಚು ಬೆಳಕು. ತಾನೇ ಮಾಡಿದ್ದಾದರೂ ಸುಳ್ಳು ಹೇಳುವಂತಿರಲಿಲ್ಲ, ಅವು ತಂತಿ ಮತ್ತು ಸೆಣಬಾಗಿಯೇ ಕಂಡವು.

ರಾಜಲಕ್ಷ್ಮಿ ದೀದಿ ದಿಂಬಿಗೆ ಒರಗಿ ನೋಡಿದರು. ಸಣ್ಣ ಮೈ, ಚುರುಕು ಕಣ್ಣು. ಗಂಧದ ಬಟ್ಟಲು ತೊಡೆಯ ಮೇಲಿತ್ತು. "ಖೋಕಾ," ಎಂದರು ತಮ್ಮನಿಗೆ, ಎಪ್ಪತ್ತರವನನ್ನು ಮರೀ ಎಂದು ಕರೆಯುತ್ತ, "ಮುದುಕಿಗೆ ಆಟದ ಸಾಮಾನಾ?"

ಬಸು ಬಾಬುವಿನ ಮುಖ ಇಳಿಯಿತು. ಗೌರಿ ವಾದಿಸಲಿಲ್ಲ. ಹಟ ಹಿಡಿದವರ ಎದುರು ಹಟ ಹಿಡಿಯಬಾರದು, ಕೆಲಸ ಹಚ್ಚಬೇಕು ಎಂಬುದು ಅವಳಿಗೆ ಗೊತ್ತಿತ್ತು.

"ದೀದಿ, ನಾನು ನಿಮ್ಮ ಮರಗಳನ್ನ ಕಂಡವಳಲ್ಲ. ತಪ್ಪಿದ್ದರೆ ನೀವೇ ಹೇಳಬೇಕು."

"ತಪ್ಪಾ? ಬರೀ ತಪ್ಪೇ. ಮೂರನೆಯದು ಇಷ್ಟು ನೆಟ್ಟಗೆಲ್ಲಿತ್ತು? ಲಾರಿ ಗುದ್ದಿ ಮಿತ್ತಿರರ ಮನೆ ಕಡೆ ವಾಲಿತ್ತು."

ಗೌರಿ ಬಾಗಿಸಿದಳು. "ಇಷ್ಟಾ?"

"ಇನ್ನೂ. ಹಾಂ, ಸಾಕು, ಬೀಳಿಸಿಬಿಟ್ಟೀಯಾ! ಐದನೆಯದಕ್ಕೆ ತುದಿಯೇ ಇರಲಿಲ್ಲ. ಕರೆಂಟಿನವರು ಕಡಿದಿದ್ದರು."

ಐದನೆಯದು ಏಳರಲ್ಲೂ ಚೆನ್ನಾಗಿ ಬಂದಿದ್ದ ಮರ. ಗೌರಿ ಒಂದು ಕ್ಷಣ ಕತ್ತರಿ ಹಿಡಿದು ನಿಂತು, ತುದಿ ಕತ್ತರಿಸಿದಳು.

"ಕೊನೆಯದು ಕಾಣೋದೇ ಇಲ್ಲ," ಎಂದರು ದೀದಿ, ಕತ್ತು ಮುಂದೆ ಚಾಚಿ. "ಹಿಂದೆಲ್ಲ ಕತ್ತಲೆ."

"ಮರಕ್ಕೆ ಬೆಳಕು ಹಿಂದಿನಿಂದ ಬರಬೇಕು ದೀದಿ," ಎಂದಳು ಗೌರಿ.

ಬಸು ಬಾಬುವಿನ ಕೈ ಚಿಲಕದತ್ತ ಹೋಯಿತು. ಗೌರಿ ಕಣ್ಣಲ್ಲೇ ತಡೆದಳು. ಪಕ್ಕದ ಮನೆಯಲ್ಲಿ ಯಾರೋ ಯಾರದೋ ಹಣೆಗೆ ಗಂಧವಿಟ್ಟಿರಬೇಕು, ಶಂಖ ಊದಿದರು. ಅದು ನಿಲ್ಲುವವರೆಗೂ ದೀದಿ ಏಳನೆಯ ಮರವನ್ನೇ ನೋಡುತ್ತಿದ್ದರು.

"ಹಾಗಾದರೆ ತೆಗೀರಿ," ಎಂದರು ಕೊನೆಗೆ, ಗದರಿಸುವಂತೆ. "ಮುಖ ನೋಡ್ತಾ ನಿಂತರೆ ಅದು ತಾನಾಗೇ ತೆರೀತದಾ?"

ಚಿಲಕ ತುಕ್ಕು ಹಿಡಿದಿತ್ತು. ಬಸು ಬಾಬು ಎರಡೂ ಕೈಯಿಂದ ತಳ್ಳಿದರು. ಬಾಗಿಲು ಆಚೆಗೆ ತೆರೆದು, ಕಾರ್ತಿಕದ ಬೆಳಕು ಒಮ್ಮೆಲೇ ಒಳಗೆ ಬಂತು. ಎದುರಿಗೆ ಹೊಸ ಫ್ಲ್ಯಾಟುಗಳ ಹಳದಿ ಗೋಡೆ, ಕೇಬಲ್ಲು, ನೀರಿನ ಟ್ಯಾಂಕು ಇದ್ದೇ ಇದ್ದವು. ಆದರೆ ಬೆಳಕಿಗೆ ಅಡ್ಡವಾಗಿ ಏಳು ಮರಗಳು ಕಪ್ಪಾಗಿ ಎದ್ದು ನಿಂತವು. ಕೆಳಗಿನಿಂದ ಗಾಳಿ ಬಂತು. ಸೆಣಬಿನ ಎಳೆಗಳು ಮೈಯುದ್ದಕ್ಕೂ ಅಲೆಯಾಗಿ ಇಳಿದವು, ಮೊದಲು ಹತ್ತಿರದ್ದು, ಆಮೇಲೆ ಅದರಾಚೆಯದು, ಗಾಳಿ ಗಲ್ಲಿಯಲ್ಲಿ ನಡೆದು ಹೋದ ಹಾಗೆ.

ಗೌರಿ ಮರಗಳ ಕಡೆ ನೋಡಲಿಲ್ಲ. ದೀದಿಯ ಕಣ್ಣು ನೋಡಿದಳು. ಅವು ಮೊದಲ ಮರದ ಬಳಿ ನಿಂತವು, ಎರಡನೆಯದನ್ನು ದಾಟಿದವು, ವಾಲಿದ ಮೂರನೆಯದರ ಹತ್ತಿರ ಸ್ವಲ್ಪ ಹೊತ್ತು ಉಳಿದವು, ಹೀಗೆ ನಿಧಾನವಾಗಿ, ಸೊಂಟ ಗಟ್ಟಿಯಿದ್ದ ಕಾಲದ ನಡಿಗೆಯಲ್ಲಿ, ಕೊನೆಯವರೆಗೂ ಹೋದವು. ಬೆರಳು ಬಟ್ಟಲಿನ ಗಂಧದಲ್ಲಿ ಅದ್ದಿದ್ದು ಹಾಗೇ ಇತ್ತು.

ಬಸು ಬಾಬು ಇನ್ನೂ ಕಿಟಕಿಯಲ್ಲೇ, ಬಾಗಿಲಿನ ಕೊಕ್ಕೆ ಸಿಕ್ಕಿಸುತ್ತ, ನಾಲ್ಕನೆಯ ಮರದ ಪಕ್ಕ ತಲೆ ಇಟ್ಟುಕೊಂಡು ನಿಂತಿದ್ದರು.

"ಖೋಕಾ, ಸರಿಯೋ ಆಚೆ!" ಎಂದರು ದೀದಿ. "ರಸ್ತೆ ನಡುವೆ ನಿಂತಿದ್ದೀಯ. ರಿಕ್ಷಾ ಹೋಗಬೇಡವಾ?"

ಬಸು ಬಾಬು ಬೆಚ್ಚಿ, ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು.