ಬಾಗಿಲಿಗೆ ಅಡ್ಡ ಮಲಗುವವಳು

ಹಣೆಗೆ ಸುತ್ತಿದ ಬಿಳಿ ಬಟ್ಟೆಯನ್ನು ಗೋಡೆಯ ಮೊಳೆಗೆ ಬಿಗಿಯುವಷ್ಟರಲ್ಲಿ ಮಲ್ಲಾಜಮ್ಮನ ತಲೆ ಮತ್ತೆ ಎಡಕ್ಕೆ ವಾಲಿತು. ಮಗ ಶಿವರಾಜು ಗದ್ದ ಹಿಡಿದು ನೆಟ್ಟಗೆ ಮಾಡಿದ. ಸೊಸೆ ಅರ್ಪಿತ ವಿಭೂತಿ ಬಳಿದಳು. ಸಮಾಧಿಗೆ ಕೂರಿಸಿಕೊಂಡೇ ಒಯ್ಯಬೇಕಲ್ಲ. ಬದುಕಿದ್ದಾಗ ಈ ಹೆಂಗಸು ಹೀಗೆ ಗೋಡೆಗೆ ಒರಗಿ ಕೂತದ್ದನ್ನು ಹೆಮ್ಮರಗಾಲದಲ್ಲಿ ಯಾರೂ ಕಂಡವರಿಲ್ಲ.

ಸೋಮಶೇಖರ್ ಮೇಷ್ಟ್ರು ಹಾರ ಹಾಕಿ ಜಗಲಿಗೆ ಬಂದು ಕೂತರು. ತಿ. ನರಸೀಪುರದಲ್ಲಿ ಅವರು ನಡೆಸುವ ಪುಕ್ಕಟೆ ಬೇಸಿಗೆ ಶಿಬಿರಕ್ಕೆ ಊರಿನ ಹದಿನಾಲ್ಕು ಹುಡುಗಿಯರನ್ನು ಕರೆದೊಯ್ಯಲು ಅದೇ ಸಂಜೆ ನಾಲ್ಕಕ್ಕೆ ಬಸ್ಸು ಬರಬೇಕಿತ್ತು. ಸಾವಿನ ಮನೆಯಲ್ಲಿ ಆ ಮಾತು ಹೇಗೆ ತೆಗೆಯುವುದು ಎಂದು ಅವರು ಒದ್ದಾಡುತ್ತಿರುವಾಗ ಪಕ್ಕದ ಮನೆಯ ಚಾಮುಂಡಮ್ಮನೇ ತೆಗೆದಳು.

“ಸಾ, ನಮ್ ಸಿಂಧು ಎಸ್ರು ಹೊಡ್ದಾಕ್ಬುಡಿ.”

“ಯಾಕಮ್ಮ? ಎರಡು ತಿಂಗಳಿಂದ ನಾಟಕದ ಮಾತು ಬಾಯಿಪಾಠ ಮಾಡ್ತಿದಾಳೆ.”

“ಮೈನೆರೆದಿರೋ ಎಣ್ಣು ಸಾ. ಮಲ್ಲಾಜಕ್ಕ ಇದ್ರು, ಕಳಿಸ್ತಿದ್ದೊ. ಈಗ ಯಾರ್ನ ನಂಬ್ಕಂಡು ಕಳ್ಸದು?”

ಉಳಿದ ತಾಯಂದಿರೂ ಹೌದೌದೆಂದರು. ಅಮ್ಮನ ಹಿಂದೆ ನಿಂತಿದ್ದ ಸಿಂಧು ಮುಖ ಸಪ್ಪಗೆ ಮಾಡಿಕೊಂಡಳು. ಶಿಬಿರ ತಪ್ಪಿದರೆ ರಜೆಯೆಲ್ಲ ಕೊಟ್ಟಿಗೆಯ ಸಗಣಿಯೇ ಗತಿ ಎಂದು ಅವಳಿಗೆ ಗೊತ್ತಿತ್ತು.

*

ಒಂಬತ್ತು ವರ್ಷದ ಹಿಂದೆ, ಮೊದಲ ಶಿಬಿರಕ್ಕೆ ಬಸ್ಸು ಹತ್ತಿದ್ದು ಗಂಡುಹುಡುಗರು ಮಾತ್ರ. ಮೇಷ್ಟ್ರು ಇನ್ನಷ್ಟು ಕರಪತ್ರ ಅಚ್ಚು ಹಾಕಿಸಿದರು. ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಮಲ್ಲಾಜಮ್ಮ ನಕ್ಕುಬಿಟ್ಟಳು. “ಪೇಪರ್ ಓದಿ ಯಾರ್ ಸಾ ಎಣ್ಮಕ್ಳ ಕಳಿಸ್ತಾರೆ?” ಎಂದು ತಾನೇ ಮನೆಮನೆಗೆ ಹೊರಟಳು.

“ಮಕ್ಳು ಮಲ್ಗೊ ರೂಮಿನ ಬಾಗ್ಲಿಗೆ ನಾನ್ ಅಡ್ಡ ಮಲಿಕತೀನಿ. ನನ್ನ ದಾಟ್ಕಂಡು ಅದ್ಯಾವನು ಬತ್ತಾನೋ ನೋಡವಾ.”

ಅಂದಂತೆ ಪ್ರತಿ ಮೇ ತಿಂಗಳು ಹತ್ತು ದಿನ ಮಲಗಿದಳು. ಆ ಹತ್ತು ದಿನ ಹಸು, ಒಲೆ, ತಾಂಡ್ಯದ ಕಾರ್ಖಾನೆಯಿಂದ ಹೊತ್ತಲ್ಲದ ಹೊತ್ತಿಗೆ ಬರುವ ಶಿವರಾಜು, ಎಲ್ಲ ಅರ್ಪಿತಳ ತಲೆಗೆ. ಬೈದುಕೊಂಡೇ ಮಾಡಿದಳು. ನಿನ್ನೆ ಹಾಸಿಗೆಯಲ್ಲಿದ್ದ ಅತ್ತೆ, “ಬಸ್ಸು ನಾಳಿಕೆ ನಾಕ್ ಗಂಟೆಗಲ್ವ?” ಎಂದಾಗ, “ಏಳಕ್ಕಾಯ್ತಿಲ್ಲ, ಊರ್ ಮಕ್ಳ ಚಿಂತೆ ನಿಮ್ಗೆ” ಎಂದು ರೇಗಿದ್ದಳು. ಅದೇ ಕೊನೆಯ ಮಾತಾಯಿತು. ನೆನೆದರೆ ಅವಳಿಗೆ ನಾಚಿಕೆಯಾಗುತ್ತಿತ್ತು, ಸಂಕಟವೂ ಆಗುತ್ತಿತ್ತು.

*

ಮಣ್ಣು ಮುಗಿಸಿ ಬಂದಾಗ ಎರಡು ಗಂಟೆ. ಮೇಷ್ಟ್ರು ಸೋತ ಮುಖದಲ್ಲಿ ಪಟ್ಟಿ ಬಿಚ್ಚಿ ಪೆನ್ನು ತೆಗೆದರು.

“ಹೊಡೀಬ್ಯಾಡಿ ಸಾ,” ಎಂದಳು ಅರ್ಪಿತ. “ನಾನೋಯ್ತೀನಿ.”

“ತಲೆ ಕೆಟ್ಟದಾ?” ಶಿವರಾಜು ಬೆಚ್ಚಿದ. “ಸೂತಕದ ಮನೆಯೋಳು. ಅನ್ನೊಂದ್ ದಿನ ಒಸ್ಲು ದಾಟಂಗಿಲ್ಲ.”

“ಊಂ ಮತ್ತೆ, ನಮ್ಮಲ್ಲೂ ಅಂಗೇಯ,” ಎಂದಳು ಚಾಮುಂಡಮ್ಮ.

ಸಮಾಧಿ ಕಾರ್ಯ ಮಾಡಿಸಿದ್ದ ಮಹಾದೇವಸ್ವಾಮಿ ಅಯ್ಯನವರು ಕಾಲು ತೊಳೆಯುತ್ತಿದ್ದವರು ಚೊಂಬು ಕೆಳಗಿಟ್ಟರು. “ಲೋ ಶಿವರಾಜು, ಲಿಂಗ ಕಟ್ದೋರಿಗೆ ಯಾವ ಸೂತಕ್ಲಾ? ಪಕ್ಕದ ಮನೆಯೋರ್ ಮಾಡದ್ ನೋಡಿ ನೋಡಿ ನಮ್ದೇ ಮರ್ತ್ಬುಟ್ರಿ. ಓಗ್ಲಿ ಬುಡು. ಮೂರನೇ ದಿನದ ಆಲು ತುಪ್ಪಕ್ಕೆ ಅಗಲೊತ್ನಲ್ಲಿ ಬಂದೋಯ್ತಾಳೆ.”

ಶಿವರಾಜು ತಲೆಯಾಡಿಸಿ ಒಪ್ಪಿದ. ಚಾಮುಂಡಮ್ಮ ಒಪ್ಪಲಿಲ್ಲ. ಅರ್ಪಿತಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನೀನೂ ಬಾಗ್ಲಿಗೆ ಅಡ್ಡ ಮಲಿಕತೀಯಾ?”

“ಮಲಿಕತೀನಿ.”

“ಕಣ್ಣೆಲ್ಲ ಕೆಂಪಗವೆ. ನಿದ್ದೆ ಒಡ್ದು ಮೈಮರ್ತ್ರೆ?”

“ಇಲ್ಲ ಕಣಕ್ಕ. ಎಚ್ರವಾಗಿರ್ತೀನಿ.”

ಚಾಮುಂಡಮ್ಮ ಮನೆಗೆ ಹೋದಳು.

ನಾಲ್ಕಕ್ಕೆ ಬಸ್ಸು ಬಂತು. ಹದಿನಾಲ್ಕರಲ್ಲಿ ಒಂಬತ್ತು ಹುಡುಗಿಯರು ಹತ್ತಿದರು. ಇನ್ನೇನು ಹೊರಡಬೇಕು, ಸಿಂಧು ಓಡಿಬಂದಳು. ಹಿಂದೆಯೇ ಚೀಲ ಹೊತ್ತ ಚಾಮುಂಡಮ್ಮ.

ಅತ್ತೆಯ ಆರೈಕೆಯಲ್ಲಿ ಮೂರು ರಾತ್ರಿಯಿಂದ ಕಣ್ಣು ಮುಚ್ಚದ ಅರ್ಪಿತ ಊರಾಚೆಯ ನಾಲೆ ದಾಟುವ ಮುಂಚೆಯೇ ಕೂತಲ್ಲಿ ನಿದ್ದೆ ಹೋದಳು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಸಿಂಧು ಎದ್ದು ಬಂದು ಅವಳ ಪಕ್ಕ ಕೂತಳು. ನಂಜನಗೂಡು ಹತ್ತಿರವಾದಾಗ ಅರ್ಪಿತಳ ಮಡಿಲಲ್ಲಿದ್ದ ಫೋನು ಸದ್ದು ಮಾಡಿತು. ಸಿಂಧು ಥಟ್ಟನೆ ಎತ್ತಿಕೊಂಡಳು. ಅವಳ ಅಮ್ಮ.

“ಅರ್ಪಿತ ಎಚ್ರವಾಗವ್ಳಾ?”

“ಊಂ ಕಣವ್ವ, ಎಚ್ರವಾಗವ್ರೆ,” ಎಂದು ಸಿಂಧು ಪಿಸುಗುಟ್ಟಿದಳು. ಬಸ್ಸು ಬ್ರೇಕ್ ಹಾಕಿತು. ಅರ್ಪಿತ ಸೀಟಿನಿಂದ ಜಾರದ ಹಾಗೆ ಸಿಂಧು ಅವಳ ಎದೆಗೆ ಕೈ ಅಡ್ಡ ಹಿಡಿದಳು.