ದಿಂಡಿಗೆ ತೊಡಿಸಿದ ಬಳೆ

ನನ್ನ ಗಂಡ ತಗಡಿನ ಕೆಲಸದವರು. ಹಿರಿಯ ಮಗಳು ತೀರಿಹೋದ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದವರು ಒಂದು ದಿನ ಎದ್ದು ನೀರು ಸೋಸುವ ಡ್ರಮ್ ಮಾಡಿದರು. ಬಣ್ಣದ ಕಾರ್ಖಾನೆ ನಮ್ಮ ಬೀದಿಯ ನೀರಿಗೆ ಬಿಟ್ಟ ವಿಷ ಅವಳನ್ನು ತಿಂದಿತ್ತು. ಕುದಿಸಿದರೆ ಅದು ಹೋಗುವುದಿಲ್ಲ ಎಂದು ಡಾಕ್ಟರು ಹೇಳುವ ಹೊತ್ತಿಗೆ ಕಾಲ ಮಿಂಚಿತ್ತು.

ಡ್ರಮ್ಮಿಗೆ ದೊಡ್ಡ ಖರ್ಚೇನಿಲ್ಲ. ತಿಂದು ಬಿಸಾಡಿದ ಮೆಕ್ಕೆಜೋಳದ ದಿಂಡುಗಳನ್ನು ಮುಚ್ಚಿದ ಡಬ್ಬಿಯಲ್ಲಿ ಸುಟ್ಟು ಇದ್ದಲು ಮಾಡಿ, ನುಣ್ಣಗೆ ಕುಟ್ಟಿ, ಮರಳಿನ ಮೇಲೆ ತುಂಬಬೇಕು. ಬೀದಿಯವರೆಲ್ಲ ಇವರಿಂದಲೇ ಕಲಿತರು. ಅವರ ಮನೆಗಳ ನೀರು ಚೆನ್ನಾಗಿಯೇ ಇತ್ತು. ನಮ್ಮ ಮನೆಯದು ಮಾತ್ರ ಈಚೆಗೆ ಮತ್ತೆ ಕಹಿಯಾಗಿತ್ತು, ಅದನ್ನೇ ಚಿಕ್ಕವಳು ಕುಡಿಯುತ್ತಿದ್ದಳು.

ಒಂದು ಬೆಳಿಗ್ಗೆ ಮುಚ್ಚಳ ತೆಗೆದೆ. ಒಳಗೆ ಪುಡಿಯೇ ಇಲ್ಲ. ಇಡೀ ದಿಂಡುಗಳು ಕಪ್ಪಗೆ ಸಾಲಾಗಿ ಮಲಗಿದ್ದವು. ಒಂದೊಂದರ ನಡುವೆಯೂ ಬಳೆಯಂತೆ ಒಂದು ಸುತ್ತು ಕಾಳು ಉಳಿದಿತ್ತು. ಮುಂದಿನ ಹಲ್ಲು ಬಿದ್ದಾಗ ಹಿರಿಯವಳು ತಿಂದ ದಿಂಡಿನಲ್ಲಿ ಆ ಸಂದಿಯ ಕಾಳು ಹಾಗೆಯೇ ಉಳಿಯುತ್ತಿತ್ತು, "ದಿಂಡಿಗೆ ಬಳೆ ತೊಡಿಸಿದೀನಿ" ಎಂದು ತೋರಿಸುತ್ತಿದ್ದಳು. ಆ ವರ್ಷವೇ ಹೋದಳು.

"ಇವನ್ನ ಎಲ್ಲಿ ಬಚ್ಚಿಟ್ಟಿದ್ರಿ? ಕುಟ್ಟದೆ ಹಾಕಿದ್ರೆ ಪ್ರಯೋಜನ ಇಲ್ಲ ಅಂತ ಬೀದಿಗೆಲ್ಲ ಪಾಠ ಹೇಳೋರು ನೀವೇ ಅಲ್ವಾ?" ಎಂದು ರೇಗಿದೆ.

"ಅವಳು ಹೋದಾಗಿಂದ ಅಟ್ಟದ ಮೇಲಿದ್ವು, ತಂಗಿ ನೀರನ್ನ ಅವಳೇ ಕಾಯ್ಲಿ ಅಂತ ಸುಟ್ಟು ಡ್ರಮ್ಮಿಗೆ ಹಾಕ್ದೆ. ಕುಟ್ಟೋಕೆ ಮಾತ್ರ ಕೈ ಬರಲ್ಲ ಕಣೇ. ಅವಳ ಹಲ್ಲಿನ ಗುರುತು ಇನ್ನೆಲ್ಲಿದೆ ಹೇಳು?"

ನಾನೇ ಕುಟ್ಟುತ್ತೇನೆಂದು ಕುಟ್ಟಾಣಿ ತರಲು ಅಡುಗೆಮನೆಗೆ ನುಗ್ಗಿದೆ. ಕಟ್ಟೆಯ ಮೇಲಿನ ತಟ್ಟೆಯಲ್ಲಿ ಆಗಷ್ಟೇ ತಿಂದಿಟ್ಟ ಒಂದು ದಿಂಡು. ಇನ್ನೂ ಬೆಚ್ಚಗಿತ್ತು. ಅದರ ನಡುವೆ ಹಳದಿ ಕಾಳಿನ ಒಂದು ಬಳೆ.

"ಯಾರೇ ಇದನ್ನ ತಿಂದಿದ್ದು?" ಎಂದು ಕಿರುಚಿದೆ. ನನ್ನ ದನಿಗೆ ಇವರೂ ಓಡಿಬಂದರು.

ಬಾಗಿಲ ಹಿಂದಿನಿಂದ ಚಿಕ್ಕವಳು ಇಣುಕಿದಳು. ಬಾಯಲ್ಲಿ ಮುಂದಿನ ಹಲ್ಲಿರಲಿಲ್ಲ.

"ನಾನೇ. ಹಲ್ಲು ಬಿದ್ದು ನಾಲ್ಕು ದಿನ ಆಯ್ತು. ನೀವಿಬ್ರೂ ನೋಡ್ಲೇ ಇಲ್ಲ."

ಇವರು ಆ ದಿಂಡನ್ನು ಎತ್ತಿ ಅದರ ಬಳೆಯ ಮೇಲೆ ಬೆರಳಾಡಿಸಿ, ಚಿಕ್ಕವಳ ಬಾಯಿ ನೋಡಿದರು. ಆಮೇಲೆ ತಾವೇ ಕುಟ್ಟಾಣಿ ಎತ್ತಿಕೊಂಡು ಹೋಗಿ ಡ್ರಮ್ಮಿನ ಪಕ್ಕ ಕೂತು, ಮೊದಲ ಕಪ್ಪು ದಿಂಡನ್ನು ಕುಟ್ಟಾಣಿಗೆ ಹಾಕಿ ಕುಟ್ಟಿದರು. ಕರುಂ ಎಂದಿತು.

"ಅಕ್ಕ ತಿನ್ನೋ ಥರಾನೇ ಕೇಳ್ಸುತ್ತೆ" ಎಂದಳು ಚಿಕ್ಕವಳು.

ಇವರ ಕಣ್ಣಿಂದ ನೀರು ಸುರಿಯುತ್ತಿತ್ತು, ಆದರೂ ಕೈ ನಿಲ್ಲಿಸಲಿಲ್ಲ. ಕೊನೆಯ ದಿಂಡು ಮುಗಿಯುವವರೆಗೆ ನಾವು ಮೂವರೂ ಅವಳು ತಿನ್ನುವುದನ್ನು ಕೇಳುತ್ತ ಕೂತೆವು.