ರಜಾಯಿಯೊಳಗಿನ ಟೆನಿಸ್

ಪಪ್ಪ ಹಟ ಹಿಡಿದರೆ ದೇವರೂ ಕೈಮುಗಿದು ಹಿಂದೆ ಸರಿಯಬೇಕು. ಇಲ್ಲಿ ಉತ್ತರದಲ್ಲಿ, ರೋಹಿಣಿ ಬಡಾವಣೆಯ ನಮ್ಮ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ದೋಸೆ ಹೊಯ್ದವರು. ಎರಡು ಸಾವಿರದ ಆರರ ಡಿಸೆಂಬರಿನಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಎಡಗೈಯಲ್ಲಿ ಉಣ್ಣುವುದು ನಮ್ಮಲ್ಲಿ ಕೂಡದು. ಚಮಚ ಕೊಟ್ಟರೆ ಅದನ್ನೂ ಎಡಗೈಯಲ್ಲೇ ಹಿಡಿಯಬೇಕಲ್ಲ, ಬೇಡ. ಅಮ್ಮ ತುತ್ತು ಕೊಟ್ಟರೆ ಎರಡಕ್ಕೇ ಬಾಯಿ ಬಿಗಿದುಕೊಳ್ಳುತ್ತಿದ್ದರು.

"ಬಲಗೈ ಬರಲಿ, ನಾನೇ ಉಣ್ತೇನೆ."

ಒಂದು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದರು. ಸೋಮವಾರದೊಳಗೆ ಊಟ ಹೆಚ್ಚದಿದ್ದರೆ ಮೂಗಿಗೆ ನಳಿಗೆ ಹಾಕುವುದೇ ಎಂದರು ಡಾಕ್ಟರು. ನನಗೆ ತಲೆ ಕೆಟ್ಟುಹೋಯಿತು.

ಮೊದಲು ಹೆಬ್ಬೆರಳು ಆಡಿಸಿ ಎಂದು ಫಿಸಿಯೋ ಹೇಳಿದ್ದರು. ಹಿಚುಕಲು ರಬ್ಬರ್ ಚೆಂಡು ಕೊಟ್ಟರೆ ಪಪ್ಪ ಮೂಲೆಗೆ ಎಸೆದರು. ಆಗ ಬಲಗೈಗೆ ನನ್ನ ಮೊಬೈಲ್ ಇಟ್ಟು ಟೆನಿಸ್ ಆಟ ತೋರಿಸಿದೆ. ನಾಲ್ಕರ ಗುಂಡಿ ಒತ್ತಿದರೆ ಎಡಕ್ಕೆ ಓಟ, ಆರಕ್ಕೆ ಬಲಕ್ಕೆ, ಐದಕ್ಕೆ ಹೊಡೆತ. ಒಂದು ಹೆಬ್ಬೆರಳು ಸಾಕು. ಸೈಬರ್ ಕೆಫೆಗೆ ಹೋಗಿ ಆಟದ ಕಿವಿಮಾತುಗಳ ಪ್ರಿಂಟ್ ತಂದು ಓದಿ ಹೇಳಿದೆ. ಹೊಡೆದ ಮೇಲೆ ನಡುವಿಗೆ ವಾಪಸ್ ಬರಬೇಕು. ಪರದೆಯಲ್ಲಿ ಹೊಡೆತದ ಬಲ ತೋರಿಸುವ ಪಟ್ಟಿ ಪೂರ್ತಿ ತುಂಬಿದ ಮೇಲೇ ಸರ್ವಿಸ್.

"ಪಪ್ಪಾ, ಅಭೀ ನಹೀ! ಅವಸರ ಬೇಡ. ಬಾಲ್ ಹತ್ತಿರ ಬರಲಿ."

"ಕಾವಲಿ ಕಾಯೋ ಮುಂಚೆ ಹಿಟ್ಟು ಹೊಯ್ಯಬಾರದು. ಅಷ್ಟೇ ತಾನೇ?" ಎಂದರು.

ಗುರುವಾರ ಒಂದು ಪಾಯಿಂಟೂ ಬರಲಿಲ್ಲ. ಬೆರಳು ಒಣಕಟ್ಟಿಗೆ. ನಾನು ಬಚ್ಚಲಿಗೆ ಹೋಗಿ ಅತ್ತೆ. ಶುಕ್ರವಾರ ಚಳಿ ಎಂದು ಪಪ್ಪ ಎರಡೂ ಕೈ ರಜಾಯಿಯೊಳಗಿಟ್ಟು, ಮಡಿಕೆಯ ಸಂದಿಯಲ್ಲಿ ಪರದೆ ನೋಡುತ್ತ ಆಡತೊಡಗಿದರು. ಒಂದು ಗೇಮ್ ಬಂತು. ಶನಿವಾರ ಒಂದು ಸೆಟ್! ನಾನು ಅಡುಗೆಮನೆಯಲ್ಲಿ ಕುಣಿದೆ.

ಭಾನುವಾರ ಮಧ್ಯಾಹ್ನ ಪಪ್ಪ ಪೂರ್ತಿ ಮ್ಯಾಚ್ ಗೆದ್ದರು. ನಾನು ಓಡಿಹೋಗಿ ಅನ್ನ ಸಾರು ಕಲಸದೆ ತಂದಿಟ್ಟೆ.

"ಚಲೋ ಪಪ್ಪಾ, ಬಲಗೈ ಬಂತಲ್ಲ. ಉಣ್ಣಿ."

ಕೈ ಹೊರಬರಲಿಲ್ಲ. ನಾನೇ ರಜಾಯಿ ಸರಿಸಿದೆ. ಬಲಗೈ ತೊಡೆಯ ಪಕ್ಕ ಸತ್ತಂತೆ ಬಿದ್ದಿತ್ತು. ಮೊಬೈಲ್ ಎಡಗೈಯಲ್ಲಿತ್ತು.

"ಸುಳ್ಳಾ?" ಎಂದು ಕಿರುಚಿದೆ. "ನಾಳೆ ನಳಿಗೆ ಹಾಕ್ತಾರೆ, ಗೊತ್ತುಂಟಾ ನಿಮಗೆ?"

ಪಪ್ಪ ತಲೆ ತಗ್ಗಿಸಿದರು. "ಗುರುವಾರ ನೀನು ಅತ್ತದ್ದು ಕೇಳಿಸ್ತು. ಗೆದ್ರೆ ನಗ್ತೀಯಲ್ಲ ಅಂತ..."

ಸಿಟ್ಟೋ ಸಂಕಟವೋ, ನನಗೇ ತಿಳಿಯಲಿಲ್ಲ. ಅವರೆದುರೇ ಕೂತು ನನ್ನ ಎಡಗೈಯನ್ನು ತಟ್ಟೆಗೆ ಹಾಕಿದೆ.

"ಅಮಿತಾ! ಥೂ, ಕೈ ತೆಗಿ!"

ತೆಗೆಯಲಿಲ್ಲ. ಅಳುತ್ತಲೇ ಕಲಸಿದೆ. ಎಡಗೈಗೆ ಎಲ್ಲಿಯ ಅಭ್ಯಾಸ? ಮೊದಲ ತುತ್ತು ನನ್ನ ಬಾಯಿಗೆ ಹೋಗದೆ ಅರ್ಧ ಗಲ್ಲಕ್ಕೆ ಮೆತ್ತಿತು, ಅರ್ಧ ಮಡಿಲಿಗೆ ಬಿತ್ತು. ಎರಡನೆಯದೂ ಹಾಗೇ.

ಪಪ್ಪ ಬಾಗಿಲ ಕಡೆ ನೋಡಿದರು. ಅಮ್ಮ ಇನ್ನೂ ಹೋಟೆಲಿನಿಂದ ಬಂದಿರಲಿಲ್ಲ. ಮೊಬೈಲ್ ಕೆಳಗಿಟ್ಟು, ಎಡಗೈಯಿಂದ ಚಿಕ್ಕದೊಂದು ತುತ್ತು ಕಟ್ಟಿದರು.

"ಅವಸರ ಬೇಡ ಮಗಾ," ಎಂದರು. "ಹತ್ತಿರ ಬರಲಿ, ಆಮೇಲೆ ಬಾಯಿ ತೆಗಿ. ನೋಡು, ಹೀಗೆ."

ತೋರಿಸಲು ತಾವೇ ಉಂಡರು.